ಕೀ ಕೊಡುವ ಕ್ಷಣ, ಹಣ ಬರುವ ಕ್ಷಣ

ಹಳೆಯ ಕಾರನ್ನು ಡೀಲರ್‌ಗೆ ಮಾರಿದವರು ಸಾಮಾನ್ಯವಾಗಿ ಮಾತನಾಡುವುದು ಬೆಲೆಯ ಬಗ್ಗೆ: ಎಷ್ಟು ಕೇಳಿದೆವು, ಅವರು ಎಷ್ಟಕ್ಕೆ ಇಳಿಸಿದರು, ಕೊನೆಗೆ ಎಷ್ಟಕ್ಕೆ ಕುದುರಿತು ಎಂದು. ಆ ಹಣ ಯಾವ ದಿನ, ಯಾವ ರೂಪದಲ್ಲಿ ಕೈಸೇರಿತು ಎಂದು ಹೇಳುವವರು ಕಡಿಮೆ. ನಾನೂ ಬೆಲೆಗಾಗಿ ಮೂರು ದಿನ ಚೌಕಾಸಿ ಮಾಡಿದೆ. ಹಣ ಯಾವಾಗ ಕೊಡುತ್ತೀರಿ ಎಂದು ಕೇಳಿದ್ದು ಒಂದೇ ಬಾರಿ. "ಎರಡು ದಿನದಲ್ಲಿ ಖಾತೆಗೆ ಹಾಕಿಬಿಡುತ್ತೇವೆ ಸರ್" ಎಂದರು. ಕಾಗದಗಳಿಗೆ ಸಹಿ ಹಾಕಿ, ಎರಡೂ ಕೀಗಳನ್ನು ಕೊಟ್ಟು ಬಂದೆ. ಹಣ ಪೂರ್ತಿಯಾಗಿ ಬಂದದ್ದು 26ನೆಯ ದಿನ.

ಆ ದಿನಗಳಲ್ಲಿ ನನಗೆ ಸಿಕ್ಕ ಉತ್ತರಗಳಲ್ಲಿ ಒಂದೂ ಒರಟಾಗಿರಲಿಲ್ಲ. ಲೆಕ್ಕಪತ್ರ ನೋಡುವವರು ರಜೆಯಲ್ಲಿದ್ದಾರೆ, ಸಹಿ ಹಾಕಬೇಕಾದವರು ಊರಲ್ಲಿಲ್ಲ, ಬ್ಯಾಂಕಿನ ಕಡೆಯಿಂದ ತಡವಾಗಿದೆ ಎಂದು ಪ್ರತಿ ಬಾರಿಯೂ ವಿನಯದಿಂದಲೇ ಹೇಳಿದರು. ಎರಡನೆಯ ವಾರ ಖುದ್ದಾಗಿ ಹೋದಾಗ ನನ್ನ ಕಾರು ತೊಳೆದು ಹೊಳಪು ಹಾಕಿಸಿಕೊಂಡು, ಗಾಜಿನ ಮೇಲೆ ಹೊಸ ಬೆಲೆಯ ಚೀಟಿ ಹೊತ್ತು ಮಾರಾಟಕ್ಕೆ ನಿಂತಿತ್ತು. ಅದನ್ನು ಕಂಡಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವೇ ಆಯಿತು.

ಭಯಕ್ಕೆ ಕಾರಣವಿದೆ. ಹಣ ಪೂರ್ತಿ ಸಿಗದ ಮಾರಾಟಗಾರನ ಸ್ಥಿತಿಯನ್ನು ಕಾನೂನು ಬಹಳ ಹಿಂದೆಯೇ ಯೋಚಿಸಿದೆ. ಬ್ರಿಟನ್ನಿನ 1893ರ ಸರಕು ಮಾರಾಟ ಕಾಯ್ದೆಯ ಮಾದರಿಯಲ್ಲಿ ಬಂದ ಭಾರತದ 1930ರ ಕಾಯ್ದೆಯ 47ನೆಯ ಸೆಕ್ಷನ್, ಕಡಕ್ಕೆ ಕೊಡುವ ಕರಾರಿಲ್ಲದೆ ಮಾರಿದವನು ಸರಕು ತನ್ನ ವಶದಲ್ಲಿರುವವರೆಗೆ ಹಣಕ್ಕಾಗಿ ಅದನ್ನು ತಡೆಹಿಡಿದುಕೊಳ್ಳಬಹುದು ಎನ್ನುತ್ತದೆ. ಕೊಂಡವನು ಕ್ರಮಬದ್ಧವಾಗಿ ಅದನ್ನು ತನ್ನ ವಶಕ್ಕೆ ಪಡೆದೊಡನೆ ಆ ಹಕ್ಕು ಹೋಗುತ್ತದೆ ಎನ್ನುತ್ತದೆ 49ನೆಯ ಸೆಕ್ಷನ್. ಅಂದರೆ ಕೀ ಕೊಡುವ ಮುಂಚಿನ ನಿಮಿಷದಲ್ಲಿ ನನ್ನ ಕೈಯಲ್ಲಿ ಕಾರಿತ್ತು, ಕೊಟ್ಟ ಮರುನಿಮಿಷದಲ್ಲಿ ಉಳಿದದ್ದು ಬಾಕಿ ವಸೂಲಿಗೆ ದಾವೆ ಹೂಡುವ ಹಕ್ಕು ಮಾತ್ರ. ಡೀಲರ್ ಅದನ್ನು ಇನ್ನೊಬ್ಬರಿಗೆ ಮಾರಿ, ಅವರು ಏನೂ ತಿಳಿಯದೆ ಪೂರ್ತಿ ಹಣ ಕೊಟ್ಟು ಕೊಂಡಿದ್ದರೆ, ಅವರ ಮನೆಯ ಮುಂದೆ ಹೋಗಿ ಕಾರು ನನ್ನದು ಎಂದು ಕೇಳುವುದು ಬಹುತೇಕ ಸಾಧ್ಯವಿಲ್ಲ, ಮತ್ತು ಅದು ನ್ಯಾಯವೂ ಅಲ್ಲ. ಡೀಲರ್ ದಿವಾಳಿಯಾದರಂತೂ, ಅಡವು ಇಟ್ಟುಕೊಂಡು ಸಾಲ ಕೊಟ್ಟವರೆಲ್ಲರ ಹಿಂದೆ ನಾನು ಸಾಲಿನಲ್ಲಿ ನಿಲ್ಲಬೇಕು.

ಇಷ್ಟು ತಡವಾಗುವುದಾದರೂ ಏಕೆ? ಬಳಸಿದ ಕಾರುಗಳ ವ್ಯಾಪಾರದಲ್ಲಿ ಅನೇಕರು ದಾಸ್ತಾನನ್ನು ಕೊಳ್ಳುವುದು ಸಾಲದ ಹಣದಿಂದ. ಸಾಲ ಕೊಡುವವರು ಪ್ರತಿ ವಾಹನದ ಕಾಗದಗಳನ್ನು ನೋಡಿದ ಮೇಲೆ ಹಣ ಬಿಡುಗಡೆ ಮಾಡುವುದುಂಟು. ಆ ವ್ಯವಸ್ಥೆಯಿಲ್ಲದ ಸಣ್ಣ ವ್ಯಾಪಾರಿ ಒಂದು ಕಾರು ಮಾರಿ ಬಂದ ಹಣದಿಂದ ಇನ್ನೊಂದು ಕಾರಿನ ಬಾಕಿ ತೀರಿಸುತ್ತಾನೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ 26 ದಿನ ಅವರ ವ್ಯಾಪಾರಕ್ಕೆ ಬಡ್ಡಿಯಿಲ್ಲದ, ಭದ್ರತೆಯಿಲ್ಲದ ಸಾಲ ಕೊಟ್ಟವನು ನಾನು, ಮತ್ತು ನನ್ನನ್ನು ಕೇಳದೆಯೇ ಆ ಸಾಲವನ್ನು ಪಡೆಯಲಾಯಿತು. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ.

ಕಾರಿನ ಮೇಲೆ ಸಾಲ ಉಳಿದಿದ್ದರೆ ಪೆಟ್ಟು ಇನ್ನೂ ಜೋರು. ನನ್ನ ಕಾರಿನ ಮೇಲೆ ಆರು ಕಂತು ಬಾಕಿಯಿತ್ತು. ಅದನ್ನು ತಾವೇ ಚುಕ್ತಾ ಮಾಡಿ ಉಳಿದದ್ದನ್ನು ನನಗೆ ಕೊಡುವುದಾಗಿ ಡೀಲರ್ ಒಪ್ಪಿಕೊಂಡಿದ್ದರು. ಬ್ಯಾಂಕಿಗೆ ಮಾತ್ರ ಸಾಲಗಾರ ನಾನೇ. ಕಾರು ಕೈಬಿಟ್ಟ ಹತ್ತನೆಯ ದಿನ ಅದರ ಕಂತು ನನ್ನ ಖಾತೆಯಿಂದ ಕಡಿತವಾಯಿತು. ಸಾಲ ತೀರಿಸಲು ಬ್ಯಾಂಕು ಕೊಡುವ ಮೊತ್ತ ಒಂದು ನಿರ್ದಿಷ್ಟ ದಿನಾಂಕದವರೆಗೆ ಮಾತ್ರ ಸರಿಯಾಗಿರುತ್ತದೆ, ಆಮೇಲೆ ದಿನಕ್ಕಿಷ್ಟು ಬಡ್ಡಿ ಸೇರುತ್ತದೆ ಎಂಬುದನ್ನು ನಾನು ಮೊದಲೇ ತಿಳಿದಿರಬೇಕಿತ್ತು. ತಡವಾದ ದಿನಗಳ ಬಡ್ಡಿ ಯಾರದು ಎಂದು ಕರಾರಿನಲ್ಲಿ ಬರೆಸಿಕೊಳ್ಳಬೇಕಿತ್ತು.

ಚೆಕ್ ಪಡೆದು ನೆಮ್ಮದಿಯಾಗಿರುವವರಿಗೂ ಒಂದು ಮಾತು ಹೇಳಬೇಕು. ಚೆಕ್ ಕೈಗೆ ಬಂದರೆ ಹಣ ಬಂದಂತಲ್ಲ. ಕೆಲವು ದೇಶಗಳ ಬ್ಯಾಂಕುಗಳಲ್ಲಿ ಚೆಕ್ಕಿನ ಮೊತ್ತ ಖಾತೆಯಲ್ಲಿ ಕಾಣಿಸಿಕೊಂಡ ಮೇಲೂ ಅದು ತಿರಸ್ಕೃತವಾಗಿ ಹಿಂದಿರುಗುವುದಕ್ಕೆ ಅವಕಾಶವಿರುತ್ತದೆ. ಹಣ ವರ್ಗಾವಣೆಯಾಗಿದೆ ಎಂದು ಅವರ ಮೊಬೈಲ್‌ನಲ್ಲಿ ತೋರಿಸುವ ಚಿತ್ರವನ್ನೂ ನಂಬಬಾರದು. ನಮ್ಮ ಖಾತೆಯನ್ನು ನಾವೇ ತೆರೆದು ನೋಡಬೇಕು.

ಎದುರಿಗೆ ಕುಳಿತವರನ್ನು "ಹಣ ಬಂದ ಮೇಲೆ ಕೀ ಕೊಡುತ್ತೇನೆ" ಎನ್ನಲು ನಮಗೆ ಸಂಕೋಚ, ಅದು ಅಪನಂಬಿಕೆಯಂತೆ ಕೇಳಿಸುತ್ತದೆಯೇನೋ ಎಂದು. ದೊಡ್ಡ ಬ್ಯಾಂಕುಗಳಿಗೇ ಈ ಸಂಕೋಚವಿಲ್ಲ. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕನ್ನು ಮುಚ್ಚಿದಾಗ, ಅದಕ್ಕೆ ಅದೇ ದಿನ ಮಾರ್ಕ್‌ಗಳನ್ನು ಪಾವತಿಸಿ ನ್ಯೂಯಾರ್ಕ್‌ನಲ್ಲಿ ಡಾಲರ್‌ಗಾಗಿ ಕಾಯುತ್ತಿದ್ದ ಬ್ಯಾಂಕುಗಳು ಕೈ ಸುಟ್ಟುಕೊಂಡವು. ಎರಡೂ ಕಡೆಯ ಪಾವತಿ ಒಟ್ಟಿಗೇ ನಡೆಯುವಂತಹ ವ್ಯವಸ್ಥೆಗಳನ್ನು ಆಮೇಲೆ ಕಟ್ಟಿಕೊಂಡದ್ದು ಇಂತಹ ಪೆಟ್ಟುಗಳಿಂದ ಕಲಿತೇ.

ಕಳೆದ ತಿಂಗಳು ನನ್ನ ತಂಗಿ ತನ್ನ ಕಾರನ್ನು ಮಾರಿದಾಗ ನಾನು ಜೊತೆಗೆ ಹೋಗಿದ್ದೆ. ಪಾವತಿಯ ದಿನಾಂಕ, ಸಾಲ ಚುಕ್ತಾ ಮಾಡುವ ಕೊನೆಯ ದಿನ, ತಡವಾದರೆ ಕಾರನ್ನು ಹಿಂದಿರುಗಿಸುವ ಷರತ್ತು ಇವಿಷ್ಟನ್ನೂ ಕರಾರಿನಲ್ಲಿ ಬರೆಯಿಸಿದೆವು. ಆಮೇಲೆ ಅಲ್ಲಿಯೇ ಕುಳಿತು ಕಾದೆವು. ಒಂದೂವರೆ ಗಂಟೆಯ ಬಳಿಕ ಅವಳ ಖಾತೆಗೆ ಹಣ ಬಂತು. ಅದನ್ನು ಎರಡು ಬಾರಿ ನೋಡಿ ಖಚಿತಪಡಿಸಿಕೊಂಡು ಅವಳು ಚೀಲದಿಂದ ಕೀ ತೆಗೆದು ಮೇಜಿನ ಮೇಲಿಟ್ಟಳು. ಡೀಲರ್ ಬೇಸರಿಸಿಕೊಳ್ಳಲಿಲ್ಲ.