ಸಾರಿನ ಉಪ್ಪು ಅಂದಾಜು, ತೊಟ್ಟಿಯದ್ದು 35

ಸಿರ್ಸಿಯಲ್ಲಿ ಮದುವೆ ಮುಗಿಸಿ, ಐದು ದಿನದ ಮೇಲೆ ನಿನ್ನೆ ಸಂಜೆ ಕಾರವಾರಕ್ಕೆ ಬಂದೆವು. ಬೀಗ ತೆಗೆದದ್ದೇ ತಡ, ಇವರು ಚಪ್ಪಲಿ ಕೂಡ ಬಿಡದೆ ಹಾಲ್‌ನ ಮೂಲೆಗೆ ಓಡಿದರು. ದೇವರಿಗೆ ದೀಪ ಹಚ್ಚಲಿಕ್ಕಲ್ಲ. ಮೀನಿನ ತೊಟ್ಟಿಯಿಂದ ಒಂದು ಹನಿ ತೆಗೆದು, ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿಗೆ ಹಾಕಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಮೂವತ್ತೆಂಟು!"

ಕೂಗಿದ ರೀತಿಗೆ, ಮನೆಗೆ ಕಳ್ಳರು ನುಗ್ಗಿದ್ದರು ಅಂತಲೇ ನಾನು ತಿಳಿದೆ.

ಹವಳ ಸಾಕಲಿಕ್ಕೆಂದೇ ಇಟ್ಟ ಆ 200 ಲೀಟರ್ ತೊಟ್ಟಿಯಲ್ಲಿ ಕೆಜಿ ನೀರಿಗೆ 35 ಗ್ರಾಂ ಉಪ್ಪು ಇರಬೇಕು. ಒಂದು ಗ್ರಾಂ ಆಚೀಚೆ ಆದರೂ ಇವರಿಗೆ ನಿದ್ದೆ ಇಲ್ಲ. ಸಮುದ್ರದ ಮೀನು ನೀರು ಕುಡಿದು, ಜಾಸ್ತಿಯಾದ ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕುತ್ತದಂತೆ. ಕಲ್ಲು ಹವಳಕ್ಕೆ ಆ ಅನುಕೂಲ ಇಲ್ಲ. ಹೊರಗಿನ ನೀರು ಎಷ್ಟು ಉಪ್ಪೋ, ಅದರ ಮೈ ಒಳಗೂ ಅಷ್ಟೇ. ಕೆಂಪು ಸಮುದ್ರದಲ್ಲಿ 40ರ ಉಪ್ಪಿನಲ್ಲೂ ಹವಳ ಚೆನ್ನಾಗಿಯೇ ಇದೆ, ಆದರೆ ಅದು ತಲೆತಲಾಂತರದ ಅಭ್ಯಾಸ. ದಿಢೀರ್ ಅಂತ ಏರಿಳಿದರೆ ತಾಳುವುದಿಲ್ಲ. ಇದನ್ನೆಲ್ಲ ನಾನು ಓದಿ ಕಲಿತದ್ದಲ್ಲ, ಊಟಕ್ಕೆ ಕೂತಾಗಲೆಲ್ಲ ಕೇಳಿ ಕಲಿತದ್ದು.

ಹಾಗಾದರೆ ಹವಳ ಎಲ್ಲಿ ಅಂತೀರಾ? ಇಲ್ಲ! 2001ರಿಂದ ಕಲ್ಲು ಹವಳ ಹುಲಿಯ ಜೊತೆ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಸಮುದ್ರದಿಂದ ಕಿತ್ತು ತಂದರೆ ಜೈಲು. ಹೊರದೇಶದಿಂದ ತರಿಸುತ್ತೇನೆ ಅಂದರೆ ಕಾಗದಪತ್ರದ್ದೇ ಒಂದು ಸಮುದ್ರ. ಹೆಣ್ಣು ನಿಶ್ಚಯವಾಗದೆ ಚಪ್ಪರ ಹಾಕಿ ಕೂತವರು ಇವರೊಬ್ಬರೇ. ಸದ್ಯ ಆ ಚಪ್ಪರದಲ್ಲಿ ಎರಡು ಕ್ಲೌನ್ ಮೀನು ಓಡಾಡಿಕೊಂಡಿವೆ.

ಇನ್ನೊಂದು ಹೊಟ್ಟೆಯುರಿ ಕೇಳಿ. ನಮ್ಮ ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಆದರೂ ತೊಟ್ಟಿಯ ಉಪ್ಪು ಬೆಂಗಳೂರಿನಿಂದ ಡಬ್ಬಿಯಲ್ಲಿ, ಕೊರಿಯರ್‌ನಲ್ಲಿ ಬರುತ್ತದೆ. "ಮಳೆಗಾಲದಲ್ಲಿ ಕಾಳಿ ನದಿ ತುಂಬಿ ಬಂದರೆ ಇಲ್ಲಿಯ ಸಮುದ್ರವೇ ಸಪ್ಪೆಯಾಗ್ತದೆ" ಅನ್ನುತ್ತಾರೆ. ನೀರು ಆರ್‌ಓದ್ದು. ನಾವು ಮಾತ್ರ ಬಾವಿ ನೀರು ಕುಡಿಯುತ್ತೇವೆ.

ಈ ಸೆಕೆಗೆ ತೊಟ್ಟಿಯ ಮೇಲೆ ಫ್ಯಾನ್ ಬೇರೆ. ದಿನಕ್ಕೆ ಮೂರು ಲೀಟರ್ ನೀರು ಆರುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಅದಕ್ಕೇ ಆರಿದಷ್ಟು ಸಪ್ಪೆ ನೀರು ಹಾಕುತ್ತಿರಬೇಕು. ಹೊರಡುವ ಮೊದಲು ಇವರು ಪಕ್ಕದ ಮನೆ ಅಕ್ಕನ ಕೈಗೆ ಕೀ ಕೊಟ್ಟು, ಕ್ಯಾನುಗಳನ್ನು ಸಾಲಾಗಿ ಇಟ್ಟು, ಗಾಜಿನ ಮೇಲೆ ಗೆರೆ ಎಳೆದು, ಮೂರು ಸಲ ಪಾಠ ಹೇಳಿದ್ದರು. ಅಕ್ಕ ಮೂರು ಸಲವೂ "ಆಯ್ತು ಮಾರಾಯಾ" ಅಂದಿದ್ದರು.

ನಿನ್ನೆ ಕೇಳಿದರೆ ಅವರ ಮುಖದಲ್ಲಿ ಪರಮ ತೃಪ್ತಿ. "ನಿನ್ನ ನೀರು ಪೂರಾ ಸಪ್ಪೆ ಇತ್ತಲ. ಸಮುದ್ರದ ಮೀನಿಗೆ ಸಪ್ಪೆ ನೀರು ಹಾಕೂದಾ? ನಾ ದಿನಾ ಎರಡು ಹಿಡಿ ಉಪ್ಪು ಕದಡಿ ಹಾಕಿದೆ."

"ಯಾವ ಉಪ್ಪು ಅಕ್ಕಾ?"

"ಸಾಣಿಕಟ್ಟೆಯದ್ದೇ. ಪ್ಯಾಕೇಟಿಂದಲ್ಲ."

ಇವರು ಸೋಫಾದ ಮೇಲೆ ಕುಸಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. "ಅಂದಾಜಿಗೆ ಹಾಕಲಿಲ್ಲ ಮಾರಾಯಾ, ದಿನಾ ರುಚಿ ನೋಡ್ತಿದ್ದೆ" ಎಂದವರೇ ಅಕ್ಕ ಎದ್ದು ತೊಟ್ಟಿಯ ಮುಚ್ಚಳ ಸರಿಸಿದರು. ಬೆರಳು ಅದ್ದಿದರು. ನಾಲಿಗೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿದರು. ಬಂಗುಡೆ ಸಾರಿನ ಉಪ್ಪು ನೋಡುವಾಗ ಮಾಡುವ ಅದೇ ಮುಖ. ಫ್ಯಾನು ತಿರುಗುತ್ತಿತ್ತು. ಇವರು ಉಸಿರು ಬಿಟ್ಟಿರಲಿಲ್ಲ. ಕ್ಲೌನ್ ಮೀನುಗಳು ಸಹ ಗಾಜಿಗೆ ಮೂತಿ ಹಚ್ಚಿ ತೀರ್ಪಿಗೆ ಕಾದ ಹಾಗೆ ಕಂಡಿತು. ಅಕ್ಕ ಮತ್ತೊಮ್ಮೆ ಅದ್ದಿ, ಮತ್ತೊಮ್ಮೆ ಚಪ್ಪರಿಸಿ, ಕಣ್ಣು ತೆರೆದು ಹೇಳಿದರು: "ಈಗ ಸಮಾ ಅದೆ."

ನನಗೆ ನಗು ತಡೆಯಲಿಕ್ಕೆ ಅಡುಗೆಮನೆಗೇ ಹೋಗಬೇಕಾಯಿತು. ಅಲ್ಲಿ ನಮ್ಮ ಉಪ್ಪಿನ ಭರಣಿ ಕಂಡಿತು. ಸಣ್ಣವಳಿದ್ದಾಗ ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟೆಯ ಆಗರದಲ್ಲಿ ಬೆಳ್ಳಗೆ ರಾಶಿ ರಾಶಿ ಉಪ್ಪು ಕಾಣುತ್ತಿತ್ತು. ಬರುವಾಗ ಅಪ್ಪ ಒಂದು ಚೀಲ ತರುತ್ತಿದ್ದರು. ಮಳೆಗಾಲವೆಲ್ಲ ಅದು ಭರಣಿಯೊಳಗೇ ನೀರೊಡೆಯುತ್ತಿತ್ತು, ಅಮ್ಮ ಅದೇ ಒದ್ದೆ ಉಪ್ಪನ್ನು ಬೆರಳಲ್ಲಿ ಚಿಮ್ಮಿಸುತ್ತಿದ್ದಳು. ಎಷ್ಟು ಅಂತ ಕೇಳಿದವರಿಲ್ಲ. ಅಮ್ಮನ ಕೈಯ ಆ ಅಳತೆ ನನಗೆ ಇನ್ನೂ ಬಂದಿಲ್ಲ.

ಹಾಲ್‌ನಲ್ಲಿ ಇವರ ಗೋಳು ಮುಗಿದಿರಲಿಲ್ಲ. ಅಡುಗೆ ಉಪ್ಪು ಬಿದ್ದು ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಲೆಕ್ಕ ಹೋಯಿತು, ಮೆಗ್ನೀಸಿಯಂ ಲೆಕ್ಕ ಹೋಯಿತು. ಇಲ್ಲದ ಹವಳಕ್ಕೆ ಇಷ್ಟು ಸೂತಕ! ಕಡೆಗೆ ದಿನಕ್ಕೆ ಐದು ಲೀಟರ್ ತೆಗೆದು, ಅಷ್ಟೇ ಸಪ್ಪೆ ನೀರು ಹಾಕಿ, ಮೂರು ದಿನದಲ್ಲಿ 35ಕ್ಕೆ ತರುವುದು ಅಂತ ತೀರ್ಮಾನವಾಯಿತು. "ಒಮ್ಮೆಲೇ ಇಳಿಸಬಾರದು, ಆಘಾತ ಆಗ್ತದೆ" ಎಂದು ನನಗೂ ಪಾಠ. ತೆಗೆದ ನೀರಿನ ಬಕೆಟ್ ಎತ್ತಿ ಚೆಲ್ಲಿದ್ದು, ನೆಲ ಒರೆಸಿದ್ದು ಮಾತ್ರ ನಾನೇ.

ರಾತ್ರಿ ಊಟಕ್ಕೆ ಕೂತವರು ಸಾರಿನ ಮೊದಲ ತುತ್ತಿಗೇ ಮುಖ ಹಿಂಡಿದರು. "ಉಪ್ಪು ಸ್ವಲ್ಪ ಜಾಸ್ತಿ ಆಗಿದೆ, ಅಲ್ವಾ?"

"ಹೌದು," ಅಂದೆ. "ಒಮ್ಮೆಲೇ ಇಳಿಸಬಾರದು. ಮೂರು ದಿನ ಕೊಡಿ."