ಡ್ರಮ್ಮಿನಲ್ಲಿ ಓಡುವ ಎಂಜಿನ್ ಯಾರಿಗೆ ಬೇಕು?

"ಎಂಜಿನ್ ಚೆನ್ನಾಗಿಯೇ ಇದೆ ಸಾರ್, ನಿಮಗೆ ಸ್ಟಾರ್ಟ್ ಮಾಡಲು ಬರುವುದಿಲ್ಲ."

ಅಂಗೈಯಲ್ಲಿ ಹಗ್ಗ ಎಳೆದ ಗುಳ್ಳೆ ಇಟ್ಟುಕೊಂಡು ಫೋನಿನಲ್ಲಿ ಮೆಕ್ಯಾನಿಕ್‌ನ ಈ ಮಾತು ಕೇಳಿಸಿಕೊಂಡೆ. ನನ್ನ ದೋಣಿಯ ಎಂಜಿನ್ನಿನ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಪ್ಲಗ್ ಬದಲಾಯಿಸಿ, ನೋಟು ಎಣಿಸಿಕೊಂಡವನೂ ಇವನೇ. ಅಂಗಡಿಯ ಹಿಂದಿನ ನೀರಿನ ಡ್ರಮ್ಮಿಗೆ ಎಂಜಿನ್ ಇಳಿಸಿ, ಒಂದು ನಿಮಿಷ ಗುರುಗುಟ್ಟಿಸಿ, "ಕೇಳಿದಿರಾ ಸದ್ದು?" ಎಂದು ಆರಿಸಿಬಿಟ್ಟಿದ್ದ. ಅಯ್ಯಾ ಮಹಾನುಭಾವ, ನನಗೆ ಡ್ರಮ್ಮಿನೊಳಗೆ ಏನೂ ಕೆಲಸವಿಲ್ಲ. ನನ್ನ ತೋಟ ಇರುವುದು ಹೇಮಾವತಿ ಹಿನ್ನೀರಿನ ಆಚೆ ದಡದಲ್ಲಿ. ಹತ್ತು ನಿಮಿಷ ಓಡಿಸಿ ನೋಡು ಎಂದು ಅವತ್ತೇ ಅಂಗಲಾಚಿದ್ದೆ. "ಅಷ್ಟು ಹೊತ್ತು ಬೇಕಾಗಿಲ್ಲ" ಎಂದ.

ಬೇಕಾಗಿತ್ತು. ಇವತ್ತು ಗೊತ್ತಾಯಿತು, ಭಾವನವರ ಎದುರಿಗೇ ಗೊತ್ತಾಯಿತು.

ಭಾನುವಾರ. ಗೊರೂರು ಅಣೆಕಟ್ಟೆಯಲ್ಲಿ ನೀರು ಏರಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಅರ್ಧ ಮುಳುಗಿದೆ. ಅದನ್ನು ನೋಡಲು ದಡದ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲ್. ಎಂಜಿನ್ ನಿಲ್ಲುವುದಿದ್ದರೆ ಆಚೆಯ ಕೊಲ್ಲಿಯಲ್ಲಿ ನಿಲ್ಲಬಹುದಿತ್ತು, ಅಲ್ಲಿ ನೋಡುವವರಿರಲಿಲ್ಲ. ಸರಿಯಾಗಿ ಅವರ ಎದುರಿಗೆ ಬಂದು ಎರಡು ಸಲ ಕೆಮ್ಮಿ ಸತ್ತಿತು. "ಏನಾಯಿತು?" ಎಂದರು ಭಾವ. "ಏನಿಲ್ಲ ಭಾವ" ಎಂದು ಹಗ್ಗ ಎಳೆದೆ. ಎಳೆದಾಗಲೆಲ್ಲ ದೋಣಿ ವಾಲುತ್ತಿತ್ತು. ಭಾವ ಎರಡೂ ಅಂಚು ಹಿಡಿದುಕೊಂಡು, ಒಗೆದ ಬಿಳಿ ಪಂಚೆಯನ್ನು ಮಂಡಿಯ ಮೇಲೆ ಎತ್ತಿಕೊಂಡು, ನನ್ನ ಮುಖವನ್ನೇ ನೋಡುತ್ತಿದ್ದರು. ದಡದಿಂದ ಒಬ್ಬ "ಚೋಕ್ ಎಳೆಯಿರಿ!" ಎಂದ. ಇನ್ನೊಬ್ಬ "ಚೋಕ್ ಬಿಡಿ!" ಎಂದ. ಆಮೇಲೆ ಮಕ್ಕಳು ನನ್ನ ಎಳೆತಗಳನ್ನು ಒಕ್ಕೊರಲಿನಿಂದ ಎಣಿಸತೊಡಗಿದರು. ಮುಂದಿನ ಸಂಖ್ಯೆ ಕೇಳಬಾರದೆಂದೇ ಎಳೆಯುವುದನ್ನು ನಿಲ್ಲಿಸಿದೆ. ಅದಕ್ಕೂ ನಕ್ಕರು.

ಕೊನೆಗೆ ಬಲೆ ಎತ್ತಲು ಬಂದಿದ್ದ ಹುಡುಗನೊಬ್ಬ ತೆಪ್ಪ ಹಾಕಿಕೊಂಡು ಬಂದು "ಹಗ್ಗ ಕೊಡಿ ಅಣ್ಣ" ಎಂದ. ಎಂಜಿನ್ ಇರುವ ದೋಣಿಯನ್ನು ತೆಪ್ಪ ಎಳೆದುಕೊಂಡು ಹೋಯಿತು. ದಡದಲ್ಲಿ ಚಪ್ಪಾಳೆ. ದಾರಿಯುದ್ದಕ್ಕೂ ಭಾವ ಆ ಹುಡುಗನ ಹತ್ತಿರ ಮೀನಿನ ಬೆಲೆ ವಿಚಾರಿಸಿದರು, ನನ್ನ ಜೊತೆ ಒಂದು ಮಾತಿಲ್ಲ. ಊಟಕ್ಕೆ ಕುಳಿತಾಗ ಮಾತ್ರ, ಅಕ್ಕನ ಎದುರಿಗೆ, "ಒಂದು ತೆಪ್ಪ ಎಷ್ಟಕ್ಕೆ ಬರುತ್ತದೆ?" ಎಂದು ಕೇಳಿದರು.

ಈಗ ಬುದ್ಧಿ ಹೇಳಲು ಬರುವವರಿಗೆ ಮೊದಲೇ ಹೇಳುತ್ತೇನೆ. ಪೆಟ್ರೋಲ್ ಇತ್ತು. ಲೀಟರಿಗೆ 20 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ, ಕೈಪಿಡಿಯಲ್ಲಿ ಇರುವಂತೆಯೇ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿತ್ತು. ಅದು ಮುಚ್ಚಿದ್ದರೆ ಗಾಳಿ ಒಳಗೆ ಹೋಗದೆ ಪೆಟ್ರೋಲ್ ಬರುವುದು ನಿಲ್ಲುತ್ತದೆಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತು. ಪೈಪಿನ ನಡುವಿನ ರಬ್ಬರ್ ಬಲ್ಬು ಹಿಸುಕಿದರೆ ಗಟ್ಟಿಯಾಗಿತ್ತು. ಕಳಚಿದರೆ ಎಂಜಿನ್ ಆರಿಸುವ ಸ್ವಿಚ್ಚಿನ ದಾರ ಕಳಚಿರಲಿಲ್ಲ, ಗೇರ್ ನ್ಯೂಟ್ರಲ್‌ನಲ್ಲಿತ್ತು, ತಂಪು ಮಾಡುವ ನೀರು ಕೊನೆಯವರೆಗೂ ತೂತಿನಿಂದ ಚಿಮ್ಮುತ್ತಿತ್ತು. ಎಥನಾಲ್ ಎನ್ನುತ್ತೀರಾ? ಬಂಕಿನ ಪೆಟ್ರೋಲಿನಲ್ಲಿ ಈಗ 20% ಅದೇ. ಅದು ನೀರು ಹೀರುತ್ತದೆ, ನೀರು ಹೆಚ್ಚಾದರೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ, ಎಲ್ಲ ನಿಜ. ಪೈಪು ಹೊಸದು, ಪೆಟ್ರೋಲ್ ನಿನ್ನೆಯದು. ಅದೂ ಅಲ್ಲದೆ, ಊಟ ಮುಗಿಸಿ ಹೋಗಿ ಎಳೆದರೆ ಮೊದಲನೇ ಎಳೆತಕ್ಕೇ ಶುರುವಾಯಿತು! ಎಥನಾಲೇನು ನನಗೆ ಊಟವಾಗಲಿ ಎಂದು ಕಾಯುತ್ತಿತ್ತೇ?

ನೀರಿನ ಮಧ್ಯದಲ್ಲೇ ಪ್ಲಗ್ ಬಿಚ್ಚಿ, ಎಂಜಿನ್ನಿನ ಲೋಹಕ್ಕೆ ಒತ್ತಿ ಹಿಡಿದು, ಭಾವನವರ ಕೊಡೆಯ ನೆರಳಿನಲ್ಲಿ ನೋಡಿದ್ದೇನೆ. ಕಿಡಿಯೇ ಇಲ್ಲ. ತಣ್ಣಗಾದ ಮೇಲೆ ನೋಡಿದರೆ ಚಟಚಟ ನೀಲಿ ಕಿಡಿ. ಕಿಡಿಗೆ ಕರೆಂಟು ಕೊಡುವ ತಂತಿ ಸುರುಳಿಗಳಲ್ಲಿ, ಅಂದರೆ ಕಾಯಿಲುಗಳಲ್ಲಿ, ಯಾವುದೋ ಒಂದು ಬಿಸಿಗೆ ಹಿಗ್ಗಿ ಒಳಗಿನ ತಂತಿ ಸಂಪರ್ಕ ಬಿಡುತ್ತದೆ, ಆರಿದರೆ ಕೂಡಿಕೊಳ್ಳುತ್ತದೆ. ಇದನ್ನು ಹೇಳಿದರೆ ಮೆಕ್ಯಾನಿಕ್ "ಪ್ಲಗ್ ಇನ್ನೊಮ್ಮೆ ಕ್ಲೀನ್ ಮಾಡಿ" ಎನ್ನುತ್ತಾನೆ. ಅವನ ಅಜ್ಜನ ಕಾಲದಿಂದ ಬಂದ ಮಂತ್ರವಿರಬೇಕು.

ಹೋಗಲಿ ಬಿಡಿ, ಗುಜರಿಗೆ ಹಾಕುತ್ತೇನೆ. ಹಳೆಯ ಎಂಜಿನ್, ಅದಕ್ಕೂ ವಯಸ್ಸಾಯಿತು. ಇಲ್ಲ, ಯಾಕೆ ಹಾಕಬೇಕು? ಒಳಗಿನ ಒತ್ತಡ, ಅದೇ ಕಂಪ್ರೆಷನ್, ಪ್ಲಗ್ಗಿನ ತೂತಿಗೆ ಇಟ್ಟ ಹೆಬ್ಬೆರಳನ್ನು ಇವತ್ತಿಗೂ ಒದ್ದು ಎಸೆಯುತ್ತದೆ. ಹೊಸದರ ಬೆಲೆ ಕೇಳಿದರೆ ಈ ವರ್ಷದ ಕಾಫಿ ದುಡ್ಡು ಪೂರ್ತಿ ಅದಕ್ಕೇ ಸರಿ. ರಸ್ತೆಯಲ್ಲಿ ಸುತ್ತಿ ಹೋಗು ಎನ್ನುತ್ತಾಳೆ ಹೆಂಡತಿ. 1979ರಲ್ಲಿ ಅಣೆಕಟ್ಟು ಮುಗಿದಾಗಿನಿಂದ ನಮ್ಮ ದಾರಿಯ ಮೇಲೆ ನೀರು ಕುಳಿತಿದೆ, ನಾನು ಮಾತ್ರ ಸುತ್ತಬೇಕು. ಮಲ್ಪೆಗೆ ತೆಗೆದುಕೊಂಡು ಹೋಗಿ, ಮಂಗಳೂರಿಗೆ ತೆಗೆದುಕೊಂಡು ಹೋಗಿ ಎಂಬ ಸಲಹೆಗಳು ಬೇರೆ. ಒಂದು ಅಂಗೈಯಗಲದ ಕಾಯಿಲಿಗೆ ಎಂಜಿನ್ ಹೊತ್ತು ಶಿರಾಡಿ ಘಾಟಿ ಇಳಿಯಬೇಕಂತೆ! ಇಳಿಯುತ್ತೇನೋ ಏನೋ, ನನ್ನನ್ನು ನಂಬಬೇಡಿ.

ಯಾರಾದರೂ ಗೊತ್ತಿರುವವರು ಉತ್ತರ ಹೇಳಿ. ಹೋಗಿರುವುದು ಹೊರಗಿನ ಇಗ್ನಿಷನ್ ಕಾಯಿಲೋ, ಫ್ಲೈವೀಲಿನ ಕೆಳಗಿರುವ ಕಾಯಿಲೋ? ಮನೆಯಲ್ಲಿ ಮಲ್ಟಿಮೀಟರ್ ಇದೆ, ಬಿಸಿಯಾಗಿರುವಾಗ ಎಲ್ಲಿಂದ ಎಲ್ಲಿಗೆ ಹಿಡಿದು ಅಳೆಯಬೇಕು? ಹಳೆಯ ಕಾಯಿಲ್ ಯಾರ ಮನೆಯ ಅಟ್ಟದಲ್ಲಿದ್ದರೂ ಸರಿ, ದುಡ್ಡು ಕೊಟ್ಟು ಕೊಳ್ಳುತ್ತೇನೆ. ಪ್ಲಗ್ ನೋಡಿದಿರಾ ಎಂದು ಕೇಳುವವರು ಮಾತ್ರ ದಯವಿಟ್ಟು ಇವತ್ತೊಂದು ದಿನ ಸುಮ್ಮನಿರಿ.