30ಕ್ಕೇ ಜರುಗಿದ ನಟ್

ಕಿಟಕ್ ಎನ್ನಬೇಕಿತ್ತು. ಎನ್ನಲಿಲ್ಲ. ಕೋವಿ ಅಂಗಡಿಯ ಆ ಮುದುಕ ತನ್ನ ಟಾರ್ಕ್ ರೆಂಚನ್ನು (ಬಿಗಿ ಅಳೆಯುವ ಪಾನಾ, ಇಟ್ಟ ಅಳತೆ ಮುಟ್ಟಿದರೆ ಕಿಟಕ್ ಎನ್ನುತ್ತದೆ) 30ಕ್ಕೆ ಇಟ್ಟು ಮೆಲ್ಲನೆ ಒತ್ತಿದ ಅಷ್ಟೆ, ನಾನೇ ಜೋಡಿಸಿದ ಎಆರ್-15 ರೈಫಲಿನಲ್ಲಿ ನಳಿಗೆಯನ್ನು ಹಿಡಿದಿಡಲು ನಾನು ಬಿಗಿದಿದ್ದ ನಟ್ ಒಂದಿಷ್ಟೂ ಸಂಕೋಚವಿಲ್ಲದೆ ಮುಂದಕ್ಕೆ ಜರುಗಿತು. ಆಮೇಲೆ ಕಿಟಕ್ ಎಂದಿತು. ಅಷ್ಟು ಹೊತ್ತಿಗೆ ಎಲ್ಲರೂ ನೋಡಿಯಾಗಿತ್ತು.

80ಕ್ಕೆ ಬಿಗಿದಿದ್ದೆ ಸ್ವಾಮಿ! ಎಂಬತ್ತು ಅಡಿ-ಪೌಂಡ್! ಬಿಗಿಯಬೇಕಾದದ್ದು 30ರಿಂದ 80ರೊಳಗೆ, ನಾನು ತುದಿಗೇ ಹೋಗಿದ್ದೆ. ಗ್ಯಾರೇಜಿನಲ್ಲಿ ಹಲ್ಲು ಕಚ್ಚಿಕೊಂಡು, ವೈಸ್ ಹಾಕಿದ ಮೇಜೇ ಅಲುಗಾಡುವ ಹಾಗೆ ಬಿಗಿದಿದ್ದೆ. ಎದ್ದು ನಿಂತಾಗ ಸೊಂಟ ಹಿಡಿದಿತ್ತು.

ನಾನು ಆ ಅಂಗಡಿಗೆ ಹೋಗಿದ್ದು ನಟ್‌ಗಾಗಿ ಅಲ್ಲ. ಗ್ಯಾಸ್ ಟ್ಯೂಬಿಗೆ, ಅಂದರೆ ಗುಂಡು ಹಾರಿದಾಗಿನ ಅನಿಲವನ್ನು ಹಿಂದಕ್ಕೆ ಒಯ್ಯುವ ಕೊಳವೆಗೆ, ಹೊಡೆಯುವ ಪಿನ್ನಿಗಾಗಿ. ಅಕ್ಕಿಕಾಳಿಗಿಂತ ತೆಳ್ಳಗಿನ ಪಿನ್. ಎರಡು ಸಲ ಸುತ್ತಿಗೆ ಬೆರಳಿಗೆ ಬಿದ್ದ ಮೇಲೆ, ಹೋಗಲಿ, ಬಲ್ಲವರ ಕೈಯಲ್ಲಿ ಮಾಡಿಸೋಣ ಎಂದುಕೊಂಡೆ. ಪಿನ್ ಕೂರಿಸಿ ಕೊಟ್ಟು ಕಳಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು? "ಮೊದಲು ಬ್ಯಾರೆಲ್ ನಟ್ ನೋಡಿಬಿಡುತ್ತೇನೆ" ಎಂದ. ನಾನು, ಬುದ್ಧಿಗೇಡಿ, "ನೋಡಿ ನೋಡಿ, ನಾನು ಕೊಡಗಿನವನು, ನಮ್ಮಲ್ಲಿ ಕೋವಿಗೆ ಪೂಜೆ ಮಾಡುತ್ತೇವೆ" ಎಂದೆ. ಕೇಳಿದ್ದನೇ? ಇಲ್ಲ. ಆದರೂ ಹೇಳಿದೆ. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತೇವೆ ಎಂದೂ ಹೇಳಿದೆ. ಟೆಕ್ಸಾಸಿನ ಆ ಅಂಗಡಿಯಲ್ಲಿ ಟೋಪಿ ಹಾಕಿದ ಇಬ್ಬರು ಗಿರಾಕಿಗಳು ತಲೆಯಾಡಿಸಿದರು. ಮೆಚ್ಚಿಕೊಂಡರು ಎಂದುಕೊಂಡೆ. ಅದಾಗಿ ಅರ್ಧ ನಿಮಿಷಕ್ಕೆ ನಟ್ ಜರುಗಿತು.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಹಣೆಗೇರಿಸಿ, "ರಂಧ್ರ ನೇರವಾಗಲಿಲ್ಲವೆಂದು ಹಿಂದಕ್ಕೆ ತಿರುಗಿಸಿದೆಯಾ?" ಎಂದು ಕೇಳಿದ. ಹೌದು, ತಿರುಗಿಸಿದ್ದೆ. ನಟ್‌ನ ಹಲ್ಲುಗಳ ನಡುವಿನ ಸಂದು ರಿಸೀವರಿನ (ನಳಿಗೆ ಕೂರುವ ಕೋವಿಯ ಮೈ) ತೂತಿಗೆ ಸರಿಯಾಗಿ ಎದುರಾಗಬೇಕು, ಅಲ್ಲಿಂದಲೇ ಗ್ಯಾಸ್ ಟ್ಯೂಬ್ ಒಳಗೆ ಹೋಗುತ್ತದೆ. 80ರಲ್ಲಿ ಹಲ್ಲೊಂದು ಅಡ್ಡ ನಿಂತಿತ್ತು. ಅರ್ಧ ಹಲ್ಲಿನಷ್ಟು ಹಿಂದಕ್ಕೆ ಸರಿಸಿದೆ. ಅರ್ಧ ಹಲ್ಲು! ಅಷ್ಟಕ್ಕೇ ಬಿಗಿಯೆಲ್ಲ ಇಳಿದುಹೋಗುತ್ತದಂತೆ. ಮುಂದಿನ ಸಂದಿಗೆ ಹೋಗಬೇಕೇ ಹೊರತು ಹಿಂದಿನದಕ್ಕೆ ಬರಬಾರದಂತೆ. ಮುಂದೆ ಹೋದರೆ ಮಿತಿ ದಾಟುತ್ತದೆ ಎಂದಾದರೆ ಬಿಚ್ಚಿ, ಗ್ರೀಸ್ ಸವರಿ, ಬಿಗಿದು ಸಡಿಲಿಸಿ, ಬಿಗಿದು ಸಡಿಲಿಸಿ, ಮೂರನೆಯ ಸಲ ಬಿಗಿಯಬೇಕಂತೆ. ಗ್ರೀಸ್ ನಾನೂ ಸವರಿದ್ದೆ. ಬಿಗಿದಿದ್ದು ಮಾತ್ರ ಒಂದೇ ಸಲ.

ಸರಿ, ತಪ್ಪು ನನ್ನದೇ.

ಆದರೆ ನನ್ನದೇ ಏಕಾಗಬೇಕು? 30ರಿಂದ 80 ಎಂದರೆ ಅದೆಂಥ ಲೆಕ್ಕ? ಪಂದಿ ಕರಿಗೆ ಉಪ್ಪು ಎಷ್ಟು ಎಂದರೆ ಮೂರು ಚಮಚದಿಂದ ಎಂಟು ಚಮಚದೊಳಗೆ ಎಷ್ಟಾದರೂ ಹಾಕು ಎಂದಂತಾಯಿತು. ಸಂದು ಎಲ್ಲಿ ಸಿಗುತ್ತದೋ ಅಲ್ಲಿ ನಿಲ್ಲಲಿ ಎಂದೇ ಅಷ್ಟು ಅಗಲದ ಅಂತರ ಕೊಟ್ಟಿದ್ದಾರೆ ಎಂಬುದು ಈಗ ಗೊತ್ತಾಯಿತು. ಬಿಡಿಭಾಗ ಬಂದ ಪೆಟ್ಟಿಗೆಯೊಳಗೆ ಒಂದು ಚೀಟಿ ಇಟ್ಟಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಸ್ಟಿಕ್ಕರ್. ಯಾರಾದರೂ ಹೇಳಿ, ಸ್ಟಿಕ್ಕರನ್ನು ಎಷ್ಟು ಅಡಿ-ಪೌಂಡಿಗೆ ಅಂಟಿಸಲಿ?

ಇಷ್ಟಕ್ಕೇ ಮುಗಿದಿದ್ದರೆ ನಾನು ಈಗ, ರಾತ್ರಿ ಎರಡು ಗಂಟೆಗೆ, ಇದನ್ನೆಲ್ಲ ಬರೆಯುತ್ತಿರಲಿಲ್ಲ. ಮುದುಕ ಇನ್ನೊಂದು ಪ್ರಶ್ನೆ ಹಾಕಿದ: "ನಟ್ ಹಿಡಿಯುವ ಪಾನಾವನ್ನು ಟಾರ್ಕ್ ರೆಂಚಿಗೆ ಯಾವ ಕೋನದಲ್ಲಿ ಸಿಕ್ಕಿಸಿದ್ದೆ?" ಕೋನವೇ? ನಾನು ಕಣ್ಣು ಕಣ್ಣು ಬಿಟ್ಟೆ. ಅವನು ಒಳಗಿನ ಕೋಣೆಯತ್ತ ತಿರುಗಿ ಅದೇ ಪ್ರಶ್ನೆ ಕೇಳಿದ. ಒಳಗೆ ಹುಡುಗಿಯೊಬ್ಬಳು ಕುಳಿತಿದ್ದಳು, ಮೊಮ್ಮಗಳಿರಬೇಕು, ಹೆಚ್ಚೆಂದರೆ ಹದಿನಾರು ವರ್ಷ. ಮೊಬೈಲಿನಿಂದ ತಲೆಯೆತ್ತದೆ "ತೊಂಬತ್ತು ಡಿಗ್ರಿ" ಎಂದಳು. ತಲೆಯೆತ್ತದೆ! "ಇಲ್ಲದಿದ್ದರೆ ರೆಂಚು ತೋರಿಸುವ ಅಳತೆ ತಪ್ಪಾಗುತ್ತದೆ" ಎಂದೂ ಸೇರಿಸಿದಳು. ಟೋಪಿಯವರಲ್ಲಿ ಒಬ್ಬ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೂ ಗೊತ್ತು, ಅವನಿಗೂ ಗೊತ್ತು.

ನಾನು ಮೆಕ್ಯಾನಿಕಲ್ ಎಂಜಿನಿಯರ್. ಇದನ್ನು ಇಷ್ಟು ಹೊತ್ತು ಮುಚ್ಚಿಟ್ಟಿದ್ದೆ. ಬಲ ಗುಣಿಸು ದೂರ ಎಂದು ಮೊದಲ ವರ್ಷದಲ್ಲೇ ಬರೆದು ಪಾಸಾದವನು. ಪಾನಾವನ್ನು ರೆಂಚಿನ ನೇರಕ್ಕೇ ಚಾಚಿ ಹಿಡಿದರೆ ತೋಳು ಉದ್ದವಾಗುತ್ತದೆ. ನನ್ನ ರೆಂಚಿನ ತೋಳು 16 ಇಂಚು, ಪಾನಾ ಮುಂದಕ್ಕೆ ಚಾಚಿದ್ದು 2 ಇಂಚು, ಅಂದರೆ ರೆಂಚು 80 ಎಂದಾಗ ನಟ್ ಮೇಲೆ ಬಿದ್ದದ್ದು 90. ಕಾರಿನಲ್ಲಿ ಕುಳಿತು ಬಾಯಲ್ಲೇ ಲೆಕ್ಕ ಹಾಕಿದೆ. ಮೊದಲು ಮಿತಿ ಮೀರಿ ಬಿಗಿದೆ, ಆಮೇಲೆ 30ಕ್ಕೂ ಕೆಳಗೆ ಇಳಿಸಿದೆ. ರಿಸೀವರ್ ಅಲ್ಯೂಮಿನಿಯಂನದ್ದು, ಥ್ರೆಡ್ ಕಿತ್ತುಬರಲಿಲ್ಲ, ಅದೇ ಪುಣ್ಯ. ಎರಡು ದಿಕ್ಕಿನಲ್ಲೂ ತಪ್ಪು ಮಾಡುವುದಕ್ಕೆ ಎಂಜಿನಿಯರೇ ಬೇಕು.

ಮುದುಕ ಎಲ್ಲವನ್ನೂ ಬಿಚ್ಚಿ ಮತ್ತೆ ಬಿಗಿದ. 55ಕ್ಕೋ ಏನೋ ಸಂದು ನೇರ ಬಂತು. ಮೂರನೆಯ ಸಲಕ್ಕೆ, ತಾನೇ ತಾನಾಗಿ, ಒಳ್ಳೆಯ ಹಸು ಕೊಟ್ಟಿಗೆಗೆ ಬಂದ ಹಾಗೆ. ನನಗೆ ಅಳು ಬರುವುದೊಂದು ಬಾಕಿ. ಹಣ ಕೊಡಲು ಹೋದರೆ "ಪಿನ್ನಿಗೆ ಮಾತ್ರ ಕೊಡು, ನಟ್‌ಗೆ ಬೇಡ" ಎಂದ. ತೆಗೆದುಕೊಳ್ಳಯ್ಯ! ಕರುಣೆಯನ್ನೂ ಜೊತೆಗೆ ಕಟ್ಟಿ ಕಳಿಸಬೇಕೆ?

ಆ ಅಂಗಡಿಗೆ ಇನ್ನು ಕಾಲಿಡುವುದಿಲ್ಲ. ಹತ್ತಿರದಲ್ಲಿ ಬೇರೆ ಅಂಗಡಿ ಇಲ್ಲ, ಹೋಗಲೇಬೇಕು.

ನಮ್ಮ ಐನ್‌ಮನೆಯ, ಅಂದರೆ ಕುಲದ ಹಿರಿಮನೆಯ, ಜೋಡು ನಳಿಗೆ ಕೋವಿಗೆ ಈ ಕಾಟವೇ ಇರಲಿಲ್ಲ. ಮುಂದಿನ ಮರದ ತುಂಡು ಕಳಚಿದರೆ ನಳಿಗೆ ಕೈಗೆ ಬರುತ್ತಿತ್ತು, ಅಜ್ಜ ಬಟ್ಟೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸುತ್ತಿದ್ದರು. ಟಾರ್ಕ್ ಎಂಬ ಮಾತು ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಅಂದರೆ ಕೋವಿಯ ಬಗ್ಗೆ ನನಗೆ ನಿಜಕ್ಕೂ ಗೊತ್ತಿರುವುದು ಪೂಜೆಯ ದಿನ ತೋಕ್ ಪೂ ಎಂಬ ಹೂವನ್ನು ನಳಿಗೆಗೆ ಸಿಕ್ಕಿಸುವುದು ಮಾತ್ರ.

ಸೆಪ್ಟೆಂಬರ್ 3 ಹತ್ತಿರ ಬಂತು, ಕೈಲ್ ಪೊಳ್ದ್, ನಮ್ಮ ಆಯುಧ ಪೂಜೆಯ ಹಬ್ಬ. ಸಂಜೆ ಅಪ್ಪನ ಸಂದೇಶ ಬಂದಿತ್ತು: "ನೀನೇ ಜೋಡಿಸಿದ ಕೋವಿಯ ಫೋಟೊ ಕಳಿಸು, ಎಲ್ಲರಿಗೂ ತೋರಿಸಬೇಕು." ಎರಡು ನೀಲಿ ಗೆರೆ ಬಿದ್ದು ಆರು ಗಂಟೆಯಾಯಿತು.